ಜೀರಿಗೆ ಅಪ್ಪೆಯ ಓಟೆ ನೆಟ್ಟರೆ ಜೀರಿಗೆ ಅಪ್ಪೆಯೇ ಏಕೆ ಬರುವುದಿಲ್ಲ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಹೊಳೆದಂಡೆಯಲ್ಲಿ ಅಜ್ಜನ ಕಾಲದ ಒಂದು ಜೀರಿಗೆ ಅಪ್ಪೆ ಮರ ಇದೆ, ಮಿಡಿ ಉಪ್ಪಿನಕಾಯಿಗೆ ಹಾಕುವ ಜೀರಿಗೆ ವಾಸನೆಯ ಮಾವು. ಈಗ ಮುದಿಯಾಗಿದೆ, ಕೊಂಬೆಗಳು ಒಣಗುತ್ತಿವೆ. ತಳಿ ಉಳಿಯಲಿ ಎಂದು ಅಪ್ಪ ಅದರ ಹಣ್ಣಿನ ಓಟೆ (ಗೊರಟೆ) ಹಾಕಿ ಮೂರು ಗಿಡ ಬೆಳೆಸಿದ್ದರು. ಮೂರೂ ಈಗ ಮಿಡಿ ಬಿಡುತ್ತಿವೆ. ಒಂದರಲ್ಲಿ ವಾಸನೆಯೇ ಇಲ್ಲ, ಬರೀ ಹುಳಿ. ಇನ್ನೊಂದು ಉಪ್ಪಿಗೆ ಹಾಕಿದರೆ ಮೆತ್ತಗಾಗುತ್ತದೆ. ಮೂರನೆಯದಕ್ಕೆ ವಾಸನೆ ಇದೆ, ಆದರೆ ಅದು ಜೀರಿಗೆಯಲ್ಲ, ಕರ್ಪೂರದ ಕಡೆಗೆ ವಾಲುತ್ತದೆ, ಮಿಡಿಯೂ ಉರುಟು. ಪಕ್ಕದ ಕಾಟುಮಾವಿನ (ಕಾಡುಮಾವಿನ) ಪರಾಗ ಬಿದ್ದು ಹೀಗಾಯಿತು, ಮುಂದೆ ಹಳೇ ಮರದ ಮಿಡಿಯೂ ಕೆಡುತ್ತದೆ ಎನ್ನುತ್ತಾರೆ ಊರಿನವರು. ಪುತ್ತೂರಿನ ತಂಗಿಯ ಮನೆಯಲ್ಲಿ ನೆಕ್ಕರೆ ಮಾವಿನ ಓಟೆ ಹಾಕಿದರೆ ಒಂದೇ ಓಟೆಯಿಂದ ಮೂರ್ನಾಲ್ಕು ಸಸಿ ಏಳುತ್ತವೆ, ಎಲ್ಲದರ ಕಾಯಿಯೂ ತಾಯಿ ಮರದ ಹಾಗೇ ಇರುತ್ತದಂತೆ. ಹತ್ತನೇ ತರಗತಿಯ ಮಗಳು ಮೆಂಡೆಲ್‌ನ 3:1 ಲೆಕ್ಕ ಹಿಡಿದುಕೊಂಡು ಇದನ್ನು ಬಿಡಿಸಲು ನೋಡಿದಳು, ಆಗಲಿಲ್ಲ. ಕಸಿ ಮಾಡಿಸಿದರೆ ಬೇರಿನ ಗಿಡದ ಹುಳಿ ಮೇಲಕ್ಕೆ ಬರುವುದಿಲ್ಲವೇ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಹಳೇ ಮರದ ಮಿಡಿ ಯಾರ ಪರಾಗ ಬಿದ್ದರೂ ಕೆಡುವುದಿಲ್ಲ. ಎರಡನೆಯದು, ನಿಮ್ಮ ಅಪ್ಪ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಮಾವಿನ ಓಟೆಯಿಂದ ಗಿಡ ಮಾಡಿದರೆ ಆಗುವುದೇ ಹೀಗೆ. ನೀವು ತಿನ್ನುವ ಮಿಡಿ ತಾಯಿ ಮರದ ಮೈ. ಅದರೊಳಗಿನ ಬೀಜ ಆ ಮರದ ಮಗು. ಈ ಎರಡನ್ನು ಬೇರೆ ಬೇರೆಯಾಗಿ ನೋಡಿದರೆ ನಿಮ್ಮ ಪ್ರಶ್ನೆಗಳ ಗಂಟು ಒಂದೊಂದಾಗಿ ಸಡಿಲವಾಗುತ್ತದೆ.

ಈ ಸಲ ಮಿಡಿ ಕೊಯ್ದಾಗ ಒಂದನ್ನು ಉಪ್ಪಿಗೆ ಹಾಕದೆ ಮಗಳ ಕೈಗೆ ಕೊಡಿ, ಉದ್ದಕ್ಕೆ ಸೀಳಲಿ. ಹೊರಗೆ ತೆಳು ಹಸಿರು ಸಿಪ್ಪೆ. ಅದರ ಕೆಳಗೆ ಬಿಳಿ-ಹಸಿರು ತಿರುಳು, ಹಲ್ಲಿಗೆ ಕಟುಂ ಎನ್ನುವುದು ಇದೇ. ಅದರ ಒಳಗೆ, ಮುಂದೆ ಗಟ್ಟಿ ಓಟೆಯಾಗಬೇಕಾದ ಪದರ, ಇನ್ನೂ ಚಾಕುವಿಗೆ ಸಲೀಸಾಗಿ ಸಿಕ್ಕುವಷ್ಟು ಎಳೆಯದು. ನಟ್ಟನಡುವೆ ತೆಳು ಪೊರೆಯೊಳಗೆ ಒಂದು ಪುಟ್ಟ ಬಿಳಿ ಬೀಜ. ಸಿಪ್ಪೆ, ತಿರುಳು, ಓಟೆಯ ಚಿಪ್ಪು ಈ ಮೂರೂ ಹೂವಿನ ಅಂಡಾಶಯದ ಗೋಡೆ ದಪ್ಪವಾಗಿ ಆದವು. ಅಂಡಾಶಯ ತಾಯಿ ಮರದ ಅಂಗ. ಅದರ ಒಂದೊಂದು ಜೀವಕೋಶದಲ್ಲೂ ಇರುವುದು ತಾಯಿ ಮರದ ವಂಶವಾಹಿಗಳು ಮಾತ್ರ. ಪರಾಗದ ಪಾಲು ಸೇರುವುದು ಆ ಬಿಳಿ ಬೀಜದೊಳಗಿನ ಭ್ರೂಣಕ್ಕೆ. ಓಟೆ ಬಲಿಯುವ ಮೊದಲೇ ಕೊಯ್ಯುವ ಅಪ್ಪೆಮಿಡಿಯಲ್ಲಂತೂ ನೀವು ಸವಿಯುವ ಹುಳಿ, ಪರಿಮಳ, ಗಟ್ಟಿತನ ಎಲ್ಲ ತಾಯಿಯದೇ.

ಪರಾಗ ಬೇರೆಯಾದರೆ ಹಣ್ಣಿನ ಗಾತ್ರದಲ್ಲಿ ತುಸು ಹೆಚ್ಚುಕಮ್ಮಿ ಆಗಬಹುದು. ಬೆಳೆಯುವ ಬೀಜ ಕಳಿಸುವ ಹಾರ್ಮೋನುಗಳು ತಿರುಳಿನ ಬೆಳವಣಿಗೆಯನ್ನು ಏರಿಸಿ ಇಳಿಸುತ್ತವೆ ಎಂಬುದಷ್ಟೇ ಅದಕ್ಕೆ ಕಾರಣ. ಜೀರಿಗೆ ವಾಸನೆ ಹೋಗಿ ಬೇರೆಯದು ಬರುವುದಿಲ್ಲ. ಊರಿನವರ ಅನುಮಾನ ಮೆಕ್ಕೆಜೋಳಕ್ಕಾದರೆ ಸರಿ. ಹಳದಿ ಜೋಳದ ಪರಾಗ ಬಿಳಿ ಜೋಳದ ಮೇಲೆ ಬಿದ್ದರೆ ಅದೇ ತೆನೆಯಲ್ಲಿ ಹಳದಿ ಕಾಳು ಕಾಣಿಸುತ್ತದೆ, ಏಕೆಂದರೆ ಅಲ್ಲಿ ನಾವು ತಿನ್ನುವುದೇ ಬೀಜವನ್ನು. ಮಾವಿನಲ್ಲಿ ತಿನ್ನುವುದು ಬೀಜದ ಸುತ್ತಲಿನ ತಾಯಿಯ ಹೊದಿಕೆ.

ಇನ್ನು ಆ ಬೀಜ ಯಾರ ಮಗು? ಅರ್ಧ ನಿಮ್ಮ ಹಳೇ ಮರದ್ದು, ಇನ್ನರ್ಧ ಯಾರದ್ದೆಂದು ಹೇಳುವುದು ಕಷ್ಟ. ಮಾವಿನ ಒಂದು ಹೂಗೊಂಚಲಿನಲ್ಲಿ ಸಾವಿರದಿಂದ ಆರು ಸಾವಿರದವರೆಗೆ ಹೂಗಳಿರುತ್ತವೆ. ಹೆಚ್ಚಿನವು ಗಂಡು ಹೂಗಳು, ಉಳಿದವು ಗಂಡು-ಹೆಣ್ಣು ಭಾಗ ಎರಡೂ ಇರುವ ದ್ವಿಲಿಂಗಿ ಹೂಗಳು. ದ್ವಿಲಿಂಗಿ ಹೂವಿನ ಅಂಡಾಶಯದಲ್ಲಿ ಒಂದೇ ಒಂದು ಅಂಡಕ, ಅಂದರೆ ಮುಂದೆ ಬೀಜವಾಗುವ ಭಾಗ. ನೊಣಗಳು, ಮಿಸರಿ ಜೇನು, ತುಡುವೆ ಜೇನು ಮರದಿಂದ ಮರಕ್ಕೆ ಓಡಾಡುತ್ತ ಪರಾಗ ಹೊರುತ್ತವೆ. ಜೊತೆಗೆ, ಎಷ್ಟೋ ಮಾವಿನ ತಳಿಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಉತ್ತರದ ದಶೇರಿ, ಲಂಗಡಾ, ಚೌಸಾಗಳಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಒಂದೇ ತಳಿಯ ತೋಪು ಮಾಡಿ ಕಾಯಿ ಕಚ್ಚದೆ ಕೈಸುಟ್ಟುಕೊಂಡವರು ಅಲ್ಲಿ ನಡುನಡುವೆ ಬೇರೆ ತಳಿಯ ಮರ ನೆಡುವುದೂ ಇದಕ್ಕೇ. ಹೀಗಾಗಿ ಮಾವಿನ ಮರ ತಲೆಮಾರುಗಳಿಂದ ಪರಕೀಯ ಪರಾಗಸ್ಪರ್ಶದ ಮೇಲೆಯೇ ನಿಂತಿದೆ. ನಿಮ್ಮ ಮೂರು ಮರಗಳ ತಂದೆಯಂದಿರು ಮೂರು ಬೇರೆ ಬೇರೆ ಮರಗಳೇ ಆಗಿರಬಹುದು. ಪಕ್ಕದ ಕಾಟುಮಾವು ಅವರಲ್ಲಿ ಒಬ್ಬನಿರಬಹುದು.

ಆದರೆ ತಂದೆಯ ಮೇಲೆ ಎಲ್ಲ ಹೊಣೆ ಹೊರಿಸಬೇಡಿ. ನಿಮ್ಮ ಹಳೇ ಮರ ತನ್ನದೇ ಪರಾಗದಿಂದ ಬೀಜ ಕಟ್ಟಿದ್ದರೂ ಮಕ್ಕಳು ತಾಯಿಯ ಹಾಗೆ ಬರುತ್ತಿರಲಿಲ್ಲ. ಪರಾಗ ಬೆರಕೆಯಾಗದಂತೆ ಹೂವಿಗೆ ಚೀಲ ಕಟ್ಟಿದರೆ ಸಾಕು ಎಂದುಕೊಳ್ಳುವವರು ಬಹಳ ಮಂದಿ. ಅದು ಸಾಲದು. ಏಕೆ ಎಂದು ತಿಳಿಯಲು ನಿಮ್ಮ ಗದ್ದೆಯ ಭತ್ತವನ್ನು ಮಾವಿನ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು.

ಭತ್ತದ ಬೀಜ ವರ್ಷ ವರ್ಷ ಎತ್ತಿಟ್ಟು ಬಿತ್ತಿದರೂ ತಳಿ ಹಾಗೇ ಉಳಿಯುತ್ತದೆ. ಭತ್ತದ ಹೂ ಬೆಳಗಿನ ಹೊತ್ತು ಸ್ವಲ್ಪ ಕಾಲ ಮಾತ್ರ ಬಾಯಿ ಬಿಡುತ್ತದೆ, ಅಷ್ಟರಲ್ಲಿ ತನ್ನ ಪರಾಗ ತನ್ನದೇ ಶಲಾಕಾಗ್ರದ (ಹೆಣ್ಣು ಭಾಗದ ತುದಿಯ) ಮೇಲೆ ಉದುರಿಸಿಕೊಂಡು ಮುಗಿಸಿರುತ್ತದೆ. ಇಂಥ ಸ್ವಕೀಯ ಪರಾಗಸ್ಪರ್ಶದಲ್ಲಿ ಪ್ರತಿ ತಲೆಮಾರಿಗೂ ಬೆರಕೆ ಜೋಡಿಗಳು ಅರ್ಧಕ್ಕೆ ಇಳಿಯುತ್ತವೆ. ಒಂದು ಗುಣದ ಎರಡು ವಂಶವಾಹಿಗಳು ಬೇರೆ ಬೇರೆಯಾಗಿರುವ ಗಿಡದಿಂದ ಶುರುಮಾಡಿ: ಮುಂದಿನ ತಲೆಮಾರಿನಲ್ಲಿ ನೂರಕ್ಕೆ 50 ಗಿಡಗಳು ಹಾಗಿರುತ್ತವೆ, ಆಮೇಲೆ 25, ಆಮೇಲೆ 12.5. ಆರನೇ ತಲೆಮಾರಿಗೆ ನೂರಕ್ಕೆ ಎರಡು ಗಿಡವೂ ಹಾಗಿರುವುದಿಲ್ಲ. ಸಾವಿರಾರು ವರ್ಷಗಳಿಂದ ಹೀಗೆ ಬಂದ ಭತ್ತದ ತಳಿಯಲ್ಲಿ ಎರಡೂ ಪ್ರತಿಗಳು ಒಂದೇ ಆಗಿಬಿಟ್ಟಿರುತ್ತವೆ. ಹೇಗೆ ಹಂಚಿದರೂ ಮಗುವಿಗೆ ಸಿಗುವುದು ಅದೇ.

ಮೆಂಡೆಲ್‌ನ ಬಟಾಣಿಯೂ ಈ ಜಾತಿಯದ್ದೇ. ಅವನು ಪ್ರಯೋಗ ಶುರುಮಾಡುವ ಮೊದಲೇ ಬಟಾಣಿ ತಳಿಗಳು ಶುದ್ಧವಾಗಿದ್ದವು. ಅಷ್ಟಾದರೂ ಅವನು ಅವುಗಳನ್ನು ಬೆಳೆಸಿ, ತಾಳೆ ನೋಡಿ ಆಮೇಲೆ ಸಂಕರ ಮಾಡಿದ. ದುಂಡು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಸಂಕರ ಮಾಡಿ, ಮೊಮ್ಮಕ್ಕಳ ತಲೆಮಾರಿನಲ್ಲಿ 5,474 ದುಂಡು, 1,850 ಸುಕ್ಕು ಬೀಜ ಎಣಿಸಿದ. ಇದೇ 3:1. ಈ ಲೆಕ್ಕ ಚೊಕ್ಕವಾಗಿ ಬರಲು ಮೂರು ಅನುಕೂಲಗಳು ಬೇಕಿದ್ದವು. ಶುದ್ಧ ತಂದೆತಾಯಿ, ಒಂದೇ ವಂಶವಾಹಿಯಿಂದ ತೀರ್ಮಾನವಾಗುವ ಗುಣ, ಎಣಿಸಲು ಸಾವಿರಾರು ಮಕ್ಕಳು. ನಿಮ್ಮ ಮಗಳ ಬಳಿ ಇರುವುದು ಬೆರಕೆ ತಾಯಿ, ಗೊತ್ತಿಲ್ಲದ ತಂದೆ, ಹತ್ತಾರು ವಂಶವಾಹಿ ಸೇರಿ ಆಗುವ ಪರಿಮಳ, ಎಣಿಸಲು ಮೂರೇ ಮರ. ಮೆಂಡೆಲ್‌ನ ನಿಯಮ ಮಾವಿಗೂ ಅನ್ವಯಿಸುತ್ತದೆ, ಅದರಲ್ಲಿ ಅನುಮಾನ ಬೇಡ. ಅದನ್ನು ಕಣ್ಣಿಗೆ ಕಾಣಿಸುವಷ್ಟು ಸರಳವಾದ ಲೆಕ್ಕ ಇಲ್ಲಿ ಸಿಗುವುದಿಲ್ಲ, ಅಷ್ಟೇ. ಅವಳು ಸೋತಳೆಂದು ಬೇಸರ ಮಾಡಿಕೊಳ್ಳುವುದು ಬೇಡ. ಪುಸ್ತಕದ ಲೆಕ್ಕವನ್ನು ಮನೆಯ ಮರಕ್ಕೆ ಹಚ್ಚಿ ನೋಡಿದ್ದೇ ದೊಡ್ಡದು.

ಈಗ ಜೀವಕೋಶದೊಳಗೆ ಇಳಿಯೋಣ. ಮಾವಿನ ಪ್ರತಿ ಸಾಮಾನ್ಯ ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ 40 ವರ್ಣತಂತುಗಳು, ಅಂದರೆ 20 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಅದರ ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ಎಲೆ, ತೊಗಟೆ, ಬೇರು ಬೆಳೆಯುವಾಗ ನಡೆಯುವ ಕೋಶ ವಿಭಜನೆಯಲ್ಲಿ, ಅಂದರೆ ಮೈಟಾಸಿಸ್‌ನಲ್ಲಿ, 40ಕ್ಕೆ 40ರ ನಕಲೂ ಆಗುತ್ತದೆ. ಎರಡು ಮರಿಕೋಶಗಳಿಗೂ ಪೂರ್ತಿ ಗಂಟು ಸಿಗುತ್ತದೆ. ಅಂಡಾಣು ಮತ್ತು ಪರಾಗ ತಯಾರಾಗುವಾಗ ನಡೆಯುವ ಮಿಯಾಸಿಸ್ ಬೇರೆ ಥರದ್ದು. ಅಲ್ಲಿ ಪ್ರತಿ ಜೋಡಿಯೂ ಒಡೆದು, ಒಂದೇ ಒಂದು ಕೆಳಗಿಳಿಯುತ್ತದೆ. ಯಾವುದು ಇಳಿಯಬೇಕೆಂಬುದು ಇಸ್ಪೀಟು ಕಲೆಸಿ ಹಂಚಿದ ಹಾಗೆ. 20 ಜೋಡಿಯಲ್ಲಿ ಪ್ರತಿಯೊಂದಕ್ಕೂ ಎರಡು ಸಾಧ್ಯತೆ, ಒಟ್ಟು 10,48,576 ಬಗೆಯ ಅಂಡಾಣುಗಳು. ಪರಾಗದ ಕಡೆಯಿಂದಲೂ ಅಷ್ಟೇ. ಎರಡೂ ಸೇರಿದಾಗ ಒಂದೇ ತಂದೆತಾಯಿಗೆ ಸುಮಾರು 1.1 ಲಕ್ಷ ಕೋಟಿ ಬಗೆಯ ಮಕ್ಕಳು ಹುಟ್ಟುವ ಅವಕಾಶ. ಜೋಡಿ ವರ್ಣತಂತುಗಳು ಒಡೆಯುವ ಮೊದಲು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಅದನ್ನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ಜೀರಿಗೆ ಅಪ್ಪೆಯಂಥ ಬೆರಕೆ ಮರದಲ್ಲಿ ಜೋಡಿಯ ಎರಡು ವರ್ಣತಂತುಗಳೂ ಬೇರೆ ಬೇರೆಯವು. ಆದ್ದರಿಂದಲೇ ಸ್ವಂತ ಪರಾಗವಾದರೂ ಹೊಸ ಕೂಟವೇ ಬರುತ್ತದೆ ಎಂದದ್ದು.

ಒಂದೇ ತಂದೆತಾಯಿಯ ಮಕ್ಕಳು ಎಷ್ಟು ಬೇರೆಯಾಗಬಹುದು ಎಂಬುದಕ್ಕೆ ಮಾವಿನಲ್ಲೇ ಒಳ್ಳೆಯ ಉದಾಹರಣೆ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಕೊಟ್ಟ ಮಲ್ಲಿಕಾ ಮತ್ತು ಆಮ್ರಪಾಲಿ ಎರಡೂ ನೀಲಂ ಮತ್ತು ದಶೇರಿಯ ಮಕ್ಕಳು. ಮಲ್ಲಿಕಾಗೆ ನೀಲಂ ತಾಯಿ, ಆಮ್ರಪಾಲಿಗೆ ದಶೇರಿ ತಾಯಿ. ಮಲ್ಲಿಕಾದ ಹಣ್ಣು ದೊಡ್ಡದು, ಉದ್ದ. ಆಮ್ರಪಾಲಿಯದು ಚಿಕ್ಕದು, ತಿರುಳು ಕಡು ಕಿತ್ತಳೆ ಬಣ್ಣ, ಮರವೂ ಗಿಡ್ಡ. ಎರಡೂವರೆ ಮೀಟರ್ ಅಂತರದಲ್ಲಿ ಹೆಕ್ಟೇರಿಗೆ 1,600 ಗಿಡ ನೆಡುವಷ್ಟು ಗಿಡ್ಡ. ತಾಯಿ-ತಂದೆಯ ಪಾತ್ರ ಅದಲುಬದಲಾದದ್ದು ಈ ವ್ಯತ್ಯಾಸಕ್ಕೆ ಕಾರಣವೆಂದುಕೊಳ್ಳಬೇಡಿ. ನೀಲಂ ಮರಕ್ಕೆ ದಶೇರಿ ಪರಾಗ ಹಾಕಿ ಪಡೆದ ಅಕ್ಕತಂಗಿ ಸಸಿಗಳಲ್ಲೂ ಎಲ್ಲವೂ ಮಲ್ಲಿಕಾ ಆಗುವುದಿಲ್ಲ. ತಳಿ ತಜ್ಞರು ಬಹಳ ಸಸಿಗಳನ್ನು ಬೆಳೆಸಿ, ಹಣ್ಣು ಬರುವವರೆಗೆ ವರ್ಷಗಟ್ಟಲೆ ಕಾದು, ಬೇಡದವನ್ನೆಲ್ಲ ತೆಗೆದು, ಒಂದನ್ನು ಆರಿಸುತ್ತಾರೆ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಪುನೀತ್‌ಗೆ ಬಾದಾಮಿ, ಅಂದರೆ ಆಲ್ಫಾನ್ಸೊ, ತಾಯಿ, ಬಂಗನಪಲ್ಲಿ ತಂದೆ. ಅದೂ ಹೀಗೇ ಆರಿಸಿದ್ದು.

ಪರಿಮಳದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಅಪ್ಪೆಯ ಬೆಲೆಯೇ ಅದರಲ್ಲಿದೆ. ತೊಟ್ಟು ಮುರಿದಾಗ ಚಿಮ್ಮುವ ಸೊನೆಯನ್ನು ಮೂಸಿದರೆ ಮರದ ಜಾತಕ ಗೊತ್ತಾಗುತ್ತದೆ ಎಂದು ಮಿಡಿ ಕೊಯ್ಯುವವರು ಹೇಳುವುದು ನಿಜ. ಸೊನೆಯಲ್ಲಿ ನೀರಿನ ಅಂಶ ಬೇರೆ, ಎಣ್ಣೆಯ ಅಂಶ ಬೇರೆ. ವಾಸನೆ ಇರುವುದು ಎಣ್ಣೆಯಲ್ಲಿ. ಆ ಎಣ್ಣೆಯಲ್ಲಿ ಟರ್ಪೀನ್ ಎಂಬ ಗುಂಪಿನ ಪದಾರ್ಥಗಳಿವೆ: ಮಿರ್ಸೀನ್, ಆಸಿಮೀನ್, ಲಿಮೊನೀನ್, ಟರ್ಪಿನೊಲೀನ್ ಇತ್ಯಾದಿ. ಯಾವುದು ಎಷ್ಟು ಎಂಬ ಪ್ರಮಾಣ ತಳಿಯಿಂದ ತಳಿಗೆ ಬೇರೆ. ಒಂದೊಂದನ್ನು ತಯಾರಿಸಲು ಬೇರೆ ಬೇರೆ ಕಿಣ್ವಗಳು ಬೇಕು, ಆ ಕಿಣ್ವಗಳಿಗೆ ಬೇರೆ ಬೇರೆ ವಂಶವಾಹಿಗಳು. ಅವು ಎಷ್ಟು ಜೋರಾಗಿ ಕೆಲಸ ಮಾಡಬೇಕೆಂದು ಹೇಳುವ ವಂಶವಾಹಿಗಳು ಇನ್ನಷ್ಟು. ಒಂದು ಮರದಲ್ಲಿ ಇವೆಲ್ಲ ಒಂದು ಹದದಲ್ಲಿ ಕೂಡಿ ಬಂದಾಗ ನಮ್ಮ ಮೂಗಿಗೆ ಅದು ಜೀರಿಗೆ. ಮಗುವಿಗೆ ಹೋಗುವಾಗ ಆ ಕೂಟ ಒಡೆಯುತ್ತದೆ. ನಿಮ್ಮ ಮೂರನೇ ಮರದಲ್ಲಿ ಕೆಲವು ಉಳಿದು, ಹೊಸದಾಗಿ ಕೆಲವು ಸೇರಿ ಕರ್ಪೂರದ ಛಾಯೆ ಬಂದಿದೆ. ಮೊದಲನೆಯದರಲ್ಲಿ ಕೂಟ ಪೂರ್ತಿ ಚದುರಿದೆ. ಮಿಡಿ ಉಪ್ಪಿನಲ್ಲಿ ಗಟ್ಟಿಯಾಗಿ ನಿಲ್ಲುವುದು, ನಾರು, ಉದ್ದ-ಉರುಟು ಆಕಾರ ಇವೂ ಬೇರೆ ಬೇರೆ ವಂಶವಾಹಿಗಳ ಪಾಲು. ಹಾಗಾಗಿ ಒಂದು ಬಂದರೆ ಇನ್ನೊಂದು ಬರಬೇಕೆಂದಿಲ್ಲ.

ಹಾಗಿದ್ದರೆ ಪುತ್ತೂರಿನ ನೆಕ್ಕರೆ? ನಿಮ್ಮ ತಂಗಿ ಹೇಳಿದ್ದು ಸರಿ. ನನಗೆ ಈ ಪತ್ರದಲ್ಲಿ ಬಹಳ ಹಿಡಿಸಿದ ಸಂಗತಿಯೂ ಅದೇ. ಕರಾವಳಿಯ ನೆಕ್ಕರೆ, ಬಪ್ಪಕಾಯಿ, ಕೇರಳದ ಒಲೂರು, ಚಂದ್ರಕಾರನ್, ಕುರುಕ್ಕನ್ ಇವೆಲ್ಲ ಬಹುಭ್ರೂಣ ತಳಿಗಳು, ಅಂದರೆ ಒಂದೇ ಬೀಜದಲ್ಲಿ ಹಲವು ಭ್ರೂಣ ಇರುವಂಥವು. ಇವುಗಳ ಅಂಡಕದಲ್ಲಿ ಅಂಡಾಣುವಿನ ಸುತ್ತ ನ್ಯೂಸೆಲ್ಲಸ್ ಎಂಬ ಅಂಗಾಂಶ ಇರುತ್ತದೆ. ಅದು ಅಪ್ಪಟ ತಾಯಿಯದು. ಪರಾಗಸ್ಪರ್ಶವಾಗಿ ಬೀಜ ಬೆಳೆಯತೊಡಗಿದಾಗ ಈ ಅಂಗಾಂಶದ ಕೆಲವು ಕೋಶಗಳು ತಾವೇ ಭ್ರೂಣವಾಗಲು ಹೊರಡುತ್ತವೆ. ಮಿಯಾಸಿಸ್ ಇಲ್ಲ, ಪರಾಗದ ಪಾಲಿಲ್ಲ. 40 ವರ್ಣತಂತುಗಳೂ ತಾಯಿಯವೇ. ತಂದೆತಾಯಿ ಸೇರಿ ಆದ ಭ್ರೂಣವೂ ಅದೇ ಓಟೆಯಲ್ಲಿರಬಹುದು, ಆದರೆ ಎಷ್ಟೋ ಸಲ ಈ ಗುಂಪಿನ ನಡುವೆ ಅದು ಬಡವಾಗಿ ಸೊರಗುತ್ತದೆ. ಹೀಗೆ ಒಂದೇ ಓಟೆಯಿಂದ ಎದ್ದ ನಾಲ್ಕು ಸಸಿಗಳಲ್ಲಿ ಮೂರೋ ನಾಲ್ಕೋ ತಾಯಿಯ ತದ್ರೂಪು. ಕಸಿಯ ಚಾಕು ತಾಕದೆ ಮರ ತನ್ನನ್ನು ತಾನೇ ನಕಲು ಮಾಡಿಕೊಂಡಿತು ಅನ್ನಿ. 1998ರಲ್ಲಿ ಇಸ್ರೇಲಿನ ಸಂಶೋಧಕರು ಏಕಭ್ರೂಣ ಮತ್ತು ಬಹುಭ್ರೂಣ ಮಾವುಗಳ ಮಕ್ಕಳನ್ನು ಎಣಿಸಿ, ಈ ಗುಣ ಒಂದೇ ಒಂದು ಪ್ರಬಲ ವಂಶವಾಹಿಯಿಂದ ಬರುತ್ತದೆ ಎಂದು ತೋರಿಸಿದರು. ಮೆಂಡೆಲ್‌ನ ಲೆಕ್ಕವನ್ನು ಮಾವಿನಲ್ಲಿ ಹುಡುಕುತ್ತಿದ್ದ ನಿಮ್ಮ ಮಗಳಿಗೆ ಈ ಮಾತು ಖುಷಿ ಕೊಡಬಹುದು.

ಕೊಡಗಿನ ಕಿತ್ತಳೆಯೂ ಬಹುಭ್ರೂಣದ್ದೇ. ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಬೀಜದಿಂದಲೇ ಗಿಡ ಮಾಡುತ್ತ ಬಂದರೂ ಅದರ ರುಚಿ ಉಳಿದುಕೊಂಡದ್ದು ಇದರಿಂದ. ಕಿತ್ತಳೆ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಇರುವುದನ್ನು ಹಾಲೆಂಡಿನ ಲೀವನ್‌ಹುಕ್ 1719ರಲ್ಲೇ ಗಮನಿಸಿದ್ದ.

ಇದನ್ನು ಮನೆಯಲ್ಲೇ ನೋಡಬಹುದು. ಮಾವಿನ ಕಾಲದಲ್ಲಿ ತಂಗಿಯಿಂದ ಎರಡು ನೆಕ್ಕರೆ ಓಟೆ ತರಿಸಿ, ಪೇಟೆಯ ಬಾದಾಮಿ ಹಣ್ಣಿನ ಓಟೆ ಎರಡನ್ನು ಇಟ್ಟುಕೊಳ್ಳಿ. ತೊಳೆದು, ಒಂದೆರಡು ದಿನ ನೆರಳಲ್ಲಿ ಆರಿಸಿ, ಓಟೆಯ ಅಂಚನ್ನು ಕತ್ತರಿಯಿಂದ ಕತ್ತರಿಸಿ ಚಿಪ್ಪು ಬಿಡಿಸಿ. ಒಳಗಿನ ಕಂದು ಪೊರೆ ಸುಲಿದರೆ ಬಾದಾಮಿಯಲ್ಲಿ ಎರಡೇ ಬೀಜದಳ ಒಂದಕ್ಕೊಂದು ಅಂಟಿಕೊಂಡು ಒಂದೇ ದಪ್ಪ ಬೇಳೆಯಾಗಿ ಕಾಣುತ್ತವೆ. ಮೊಳಕೆಯ ತುದಿಯೂ ಒಂದೇ. ನೆಕ್ಕರೆಯಲ್ಲಿ ಬೇಳೆ ಹೋಳು ಹೋಳಾಗಿ, ಒಂದರ ಮೇಲೊಂದು ಒತ್ತಿಕೊಂಡು, ಬೇರೆ ಬೇರೆ ಗಾತ್ರದಲ್ಲಿ ಇರುತ್ತದೆ. ಮೆಲ್ಲಗೆ ಬಿಡಿಸಿದರೆ ಒಂದೊಂದು ಹೋಳಿಗೂ ತನ್ನದೇ ಮೊಳಕೆಯ ಮೂತಿ ಸಿಗುತ್ತದೆ. ಕತ್ತರಿ ಜಾರದಂತೆ ದೊಡ್ಡವರು ಹಿಡಿದುಕೊಡಿ. ಹೀಗೆ ಬಿಡಿಸಿದ ಬೇಳೆಯನ್ನು ಎಸೆಯುವುದೂ ಬೇಡ. ಹಸಿ ಮರಳಿನಲ್ಲಿ ಊರಿದರೆ ಬೇಗ ಮೊಳೆಯುತ್ತದೆ. ಓಟೆಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿಟ್ಟರೆ ಮಾತ್ರ ಬೀಜ ಸಾಯುತ್ತದೆ. ಭತ್ತದ ಹಾಗೆ ಒಣಗಿಸಿ ಇಡಲು ಮಾವು ಬರುವುದಿಲ್ಲ.

ನಿಮ್ಮ ಹಳೇ ಮರ ಏಕಭ್ರೂಣದ್ದು ಎಂಬುದಕ್ಕೆ ಆ ಮೂರು ಮರಗಳೇ ಸಾಕ್ಷಿ. ಆದ್ದರಿಂದ ಅದನ್ನು ಹಾಗೇ ಉಳಿಸಲು ದಾರಿ ಒಂದೇ, ಕಸಿ. ಕಸಿಯಲ್ಲಿ ಬೀಜದ ಮಾತೇ ಇಲ್ಲ. ಹಳೇ ಮರದ ಕುಡಿ ಮೈಟಾಸಿಸ್‌ನಿಂದಲೇ ಬೆಳೆಯುತ್ತ ಹೋಗುತ್ತದೆ, 40 ವರ್ಣತಂತುಗಳ ಗಂಟು ಬಿಚ್ಚುವುದೇ ಇಲ್ಲ. ಜಗತ್ತಿನ ಯಾವ ಮೂಲೆಯ ಆಲ್ಫಾನ್ಸೊ ಮರವಾದರೂ ಎಂದೋ ಓಟೆಯಿಂದ ಹುಟ್ಟಿದ ಒಂದು ಮರದ ಕುಡಿಯ ಮುಂದುವರಿಕೆ.

ಬೇರಿನ ಗಿಡದ ಹುಳಿ ಮೇಲೆ ಬರುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಕಸಿ ಕೂಡುವ ಜಾಗದಲ್ಲಿ ತೊಗಟೆಗೂ ಕಟ್ಟಿಗೆಗೂ ನಡುವಿನ ತೆಳು ಹಸಿ ಪದರ, ಕ್ಯಾಂಬಿಯಂ, ಎರಡೂ ಕಡೆಯಿಂದ ಬೆಳೆದು ಸೇರಿಕೊಳ್ಳುತ್ತದೆ. ನೀರು, ಲವಣ ಕೆಳಗಿನಿಂದ ಮೇಲಕ್ಕೆ, ಎಲೆ ತಯಾರಿಸಿದ ಸಕ್ಕರೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಆದರೆ ಪ್ರತಿ ಕೋಶವೂ ತನ್ನ ಕೋಶಕೇಂದ್ರವನ್ನು ತಾನೇ ಇಟ್ಟುಕೊಂಡಿರುತ್ತದೆ. ಸೊನೆಯ ಟರ್ಪೀನ್ ತಯಾರಾಗುವುದು ಕಾಯಿಯಲ್ಲೇ, ಕಾಯಿಯ ವಂಶವಾಹಿಗಳ ಅಪ್ಪಣೆಯಂತೆ. ಬೇರಿನ ಗಿಡದ ಪ್ರಭಾವ ಕಾಣುವುದು ಮರದ ಎತ್ತರ, ಕಸುವು, ಉಪ್ಪು ನೀರನ್ನು ತಾಳುವ ಶಕ್ತಿ ಇಂಥವುಗಳಲ್ಲಿ. ವೆಲ್ಲೈಕೊಲಂಬನ್ ಎಂಬ ಬಹುಭ್ರೂಣ ತಳಿಯ ಬೇರಿನ ಮೇಲೆ ಕಟ್ಟಿದ ಮಾವು ಗಿಡ್ಡವಾಗುವುದು ಪ್ರಸಿದ್ಧ. ಬಹುಭ್ರೂಣ ಓಟೆಗಳನ್ನು ಬೇರಿನ ಗಿಡಕ್ಕೆ ಇಷ್ಟಪಡಲು ಇನ್ನೊಂದು ಕಾರಣವೂ ಇದೆ. ತದ್ರೂಪು ಸಸಿಗಳಾದ್ದರಿಂದ ತೋಟವೆಲ್ಲ ಒಂದೇ ಸಮನೆ ಬೆಳೆಯುತ್ತದೆ. ಹಾಗೆಂದು ಮಣ್ಣು-ನೀರಿಗೆ ಬೆಲೆಯಿಲ್ಲವೆಂದಲ್ಲ. ಹೊಳೆದಂಡೆಯ ತಂಪಿನಲ್ಲಿದ್ದ ಕುಡಿಯನ್ನು ಒಣ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ತಂದರೆ ವಂಶವಾಹಿ ಅದೇ ಇದ್ದರೂ ಮಿಡಿಯ ಗಾತ್ರ, ವಾಸನೆಯ ತೀವ್ರತೆ ಬದಲಾಗಬಹುದು. ಸಾಧ್ಯವಾದರೆ ಹೊಸ ಗಿಡಕ್ಕೂ ನೀರಿನ ಹತ್ತಿರದ ಜಾಗವನ್ನೇ ಕೊಡಿ.

ಕಸಿಗೆ ಮಲೆನಾಡಿನಲ್ಲಿ ಮಳೆಗಾಲವೇ ಒಳ್ಳೆಯದು. ಗಾಳಿಯಲ್ಲಿ ತೇವ ಇರುವುದರಿಂದ ಕುಡಿ ಒಣಗುವುದಿಲ್ಲ. ಯಾವುದಾದರೂ ಗಟ್ಟಿ ಕಾಟುಮಾವಿನ ಓಟೆ ಹಾಕಿ, ಸಸಿ ಎದ್ದು ಹತ್ತು-ಹದಿನೈದು ದಿನವಾಗಿ ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವಾಗಲೇ ಕಸಿ ಕಟ್ಟಬಹುದು. ಹಳೇ ಮರದಲ್ಲಿ ಮೂರ್ನಾಲ್ಕು ತಿಂಗಳು ಬಲಿತ, ಸಸಿಯಷ್ಟೇ ದಪ್ಪದ ಕುಡಿಗಳನ್ನು ಗುರುತಿಸಿ, ಒಂದು ವಾರ ಮೊದಲೇ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿ. ಆಗ ತುದಿಮೊಗ್ಗು ಉಬ್ಬುತ್ತದೆ. ಕುಡಿಯ ಬುಡವನ್ನು ನಾಲ್ಕೈದು ಸೆಂಟಿಮೀಟರ್ ಉದ್ದಕ್ಕೆ ಎರಡೂ ಕಡೆ ಓರೆಯಾಗಿ ಹೆರೆದು ಬೆಣೆಯ ಹಾಗೆ ಮಾಡಿ, ಸಸಿಯ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೊಂದು ಸಣ್ಣ ಪ್ಲಾಸ್ಟಿಕ್ ಚೀಲ ತೊಡಿಸಿ. ಒಂದು ಬದಿಯಾದರೂ ತೊಗಟೆಗೆ ತೊಗಟೆ ಸರಿಯಾಗಿ ಕೂಡಬೇಕು, ಕ್ಯಾಂಬಿಯಂ ಸೇರದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಮುದಿ ಮರದಲ್ಲಿ ಒಳ್ಳೆಯ ಕುಡಿ ಸಿಗದಿದ್ದರೆ, ಗಟ್ಟಿಯಿರುವ ಒಂದು ಕೊಂಬೆಯನ್ನು ಸವರಿ ಬಿಡಿ, ಅಲ್ಲಿಂದ ಹೊಸ ಚಿಗುರು ಬರುತ್ತದೆ. ಕೈಗೆ ಅಭ್ಯಾಸವಿಲ್ಲದಿದ್ದರೆ ಕಸಿ ಕಟ್ಟುವ ನರ್ಸರಿಯವರನ್ನೇ ಮರದ ಬಳಿ ಕರೆತನ್ನಿ. ಒಂದೆರಡು ಗಿಡಕ್ಕೆ ನಿಲ್ಲಿಸದೆ ಹತ್ತಾರು ಮಾಡಿಸಿ ನೆಂಟರ ತೋಟಗಳಿಗೂ ಹಂಚಿ. ಒಂದೇ ಜಾಗದಲ್ಲಿರುವ ತಳಿ ಒಂದು ಬಿರುಗಾಳಿಗೆ ಹೋಗಬಹುದು.

ಇಷ್ಟೆಲ್ಲ ಕಸಿಯ ಪರವಾಗಿ ಹೇಳಿದ ಮೇಲೆ ಓಟೆಯ ಪರವಾಗಿಯೂ ಹೇಳಲೇಬೇಕು. ನಿಮ್ಮ ಜೀರಿಗೆ ಅಪ್ಪೆಯನ್ನು ಯಾರೂ ತಯಾರಿಸಲಿಲ್ಲ. ಎಂದೋ ಹೊಳೆಯಲ್ಲಿ ತೇಲಿಬಂದೋ, ಮಂಗ ತಿಂದು ಎಸೆದೋ, ದಂಡೆಯಲ್ಲಿ ಬಿದ್ದ ಒಂದು ಓಟೆ ಮೊಳೆತು ಮರವಾಯಿತು. ಅದರ ಮಿಡಿಯನ್ನು ಯಾರೋ ಕಚ್ಚಿ ನೋಡಿದರು, ಮೂಸಿದರು, ಉಳಿಸಿಕೊಂಡರು. ಶರಾವತಿ, ವರದಾ, ಅಘನಾಶಿನಿ, ಬೇಡ್ತಿ ಕಣಿವೆಗಳಲ್ಲಿ ಅನಂತಭಟ್ಟನ ಅಪ್ಪೆ, ಮಾಳಂಜಿ, ಕರ್ಪೂರ ಅಪ್ಪೆ, ಬಗೆಬಗೆಯ ಜೀರಿಗೆ ಎಂದು ಮರಕ್ಕೊಂದು ಹೆಸರಿರುವುದು ಅದರಿಂದಲೇ. ಒಂದೊಂದು ಹೆಸರೂ ಮೂಲದಲ್ಲಿ ಒಂದೊಂದೇ ಮರ. ಹಲಸಿನಲ್ಲೂ ಹೀಗೇ. ಗುಬ್ಬಿ ತಾಲ್ಲೂಕಿನ ಚೇಳೂರಿನ ತಾಮ್ರಗೆಂಪು ತೊಳೆಯ ಸಿದ್ದು ಹಲಸು ರೈತರೊಬ್ಬರ ತೋಟದಲ್ಲಿದ್ದ ಒಂಟಿ ಮರ. ಹೆಸರಘಟ್ಟದ ಸಂಸ್ಥೆ ಅದನ್ನು ಗುರುತಿಸಿದ ಮೇಲೆ ಕಸಿಯಾಗಿ ನಾಡಿಗೆ ಹರಡಿತು. ಕಸಿ ಇರುವ ಗುಣವನ್ನು ಕಾಯುತ್ತದೆ, ಹೊಸದನ್ನು ಹುಟ್ಟಿಸುವುದಿಲ್ಲ. ಹೊಸದು ಬರುವುದು ಮಿಯಾಸಿಸ್‌ನ ಕಲೆಸಾಟದಿಂದ, ಅಂದರೆ ಓಟೆಯಿಂದ.

ನನಗೆ ಚಿಂತೆಯಿರುವುದು ಇಲ್ಲೇ. ಅಪ್ಪೆಯನ್ನು ನಾವು ಮಿಡಿಯಲ್ಲೇ ಕೊಯ್ದುಬಿಡುತ್ತೇವೆ. ಬೆಲೆ ಬಂದ ಹಾಗೆಲ್ಲ ಒಂದು ಮಿಡಿಯನ್ನೂ ಬಿಡದೆ, ಕೆಲವೆಡೆ ಕೊಂಬೆಯನ್ನೇ ಕಡಿದು ಕೆಡವಿ ಕೊಯ್ಯುತ್ತಾರೆ. ಓಟೆ ಬಲಿಯದ ಮೇಲೆ ದಂಡೆಯಲ್ಲಿ ಹೊಸ ಸಸಿ ಏಳುವುದೆಲ್ಲಿಂದ? ದಂಡೆಗಳೂ ಮೊದಲಿನಂತಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಎಷ್ಟೋ ದಂಡೆ ನೀರಿನಡಿ ಹೋಯಿತು. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಹೆಸರಿಗೆ ರಕ್ಷಣೆ ಬಂತು. ಮರಗಳಿಗೆ ರಕ್ಷಣೆ ಕೊಡಬೇಕಾದವರು ನೀವು ಮತ್ತು ನಿಮ್ಮ ಊರಿನವರೇ. ಪ್ರತಿ ವರ್ಷ ಒಂದು ಕೊಂಬೆಯ ಕಾಯಿಯನ್ನಾದರೂ ಹಣ್ಣಾಗಲು ಬಿಡಿ.

ಕೊನೆಗೆ ನಿಮ್ಮ ಮೂರು ಮರಗಳ ವಿಷಯ. ಕಡಿಯಬೇಡಿ. ವಾಸನೆಯಿಲ್ಲದ ಹುಳಿ ಮರದ ಬೇರು ಈಗಾಗಲೇ ಆಳಕ್ಕೆ ಇಳಿದಿದೆ, ಅದನ್ನು ಬಳಸಿಕೊಳ್ಳಿ. ಮಳೆಗಾಲದ ಮೊದಲು ಅದರ ಎರಡು ಕೊಂಬೆಗಳನ್ನು ಮೊಟಕು ಮಾಡಿ, ಬಂದ ಚಿಗುರಿಗೆ ಹಳೇ ಮರದ ಕುಡಿ ಕಟ್ಟಿಸಿದರೆ ಸಸಿ ನೆಟ್ಟು ಕಾಯುವುದಕ್ಕಿಂತ ಬೇಗ ಜೀರಿಗೆ ಮಿಡಿ ಸಿಗುತ್ತದೆ. ಉಪ್ಪಿನಲ್ಲಿ ಮೆತ್ತಗಾಗುವುದಕ್ಕೂ ಹಾಗೇ ಮಾಡಬಹುದು. ಇಲ್ಲವೇ ಅಪ್ಪೆಹುಳಿಗೆ ಬಿಟ್ಟುಕೊಳ್ಳಿ. ಮೂರನೆಯದನ್ನು ಮಾತ್ರ ಮುಟ್ಟಬೇಡಿ. ಅದರ ಮಿಡಿಯನ್ನು ಬೇರೆ ಜಾಡಿಯಲ್ಲಿ ಉಪ್ಪಿಗೆ ಹಾಕಿ, ಎರಡು ವರ್ಷ ಗಟ್ಟಿಯಾಗಿ ನಿಲ್ಲುತ್ತದೆಯೇ, ವಾಸನೆ ಉಳಿಯುತ್ತದೆಯೇ ನೋಡಿ. ಯಾವಾಗ ಹೂ ಬಂತು, ವರ್ಷ ಬಿಟ್ಟು ವರ್ಷ ಫಲವೋ ಪ್ರತಿ ವರ್ಷವೋ ಎಂದು ಮಗಳು ಬರೆದಿಡಲಿ. ಚೆನ್ನಾಗಿದ್ದರೆ ಅದರ ಕುಡಿಯನ್ನೂ ಕಸಿ ಕಟ್ಟಿಸಿ, ಒಂದು ಹೆಸರು ಇಡಿ.